ಉಳಿದವರ ಪಾತ್ರ ಯಾರು ಮಾಡ್ತೀರಿ?

ಗ್ರೂಪ್ ಕ್ಯಾಪ್ಟನ್ ದಿಲೀಪ್ ಪಾರುಲ್ಕರ್ ತೀರಿಕೊಂಡ ಸುದ್ದಿ 2025ರ ಆಗಸ್ಟ್‌ನಲ್ಲಿ ಬಂತು. ಮರುದಿನ ತರಗತಿಯಲ್ಲಿ ಕೇಳಿದೆ, ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ನಮ್ಮದು ಬೀದರ್. ಇಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಆಕಾಶದಲ್ಲಿ ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ಮನೆಯೂ ಇದೇ ಊರು. ಹಾಕ್ ವಿಮಾನ ತಲೆ ಮೇಲೆ ಹೋದಾಗಲೆಲ್ಲ ಪಾಠ ನಿಲ್ಲಿಸಿ ಸುಮ್ನೆ ನಿಲ್ಲುವುದು ನಮಗೆ ರೂಢಿಯಾಗಿಬಿಟ್ಟಿದೆ. ಇಂಥ ಊರಿನ ಮಕ್ಕಳಿಗೆ ಈ ಮನುಷ್ಯ ಯಾರು ಅಂತ ಗೊತ್ತಿಲ್ಲ ಅಂದ್ರೆ ಹೇಗೆ? ಆ ವರ್ಷದ ಗ್ಯಾದರಿಂಗ್‌ಗೆ ನಾವು ರಾವಲ್ಪಿಂಡಿಯಿಂದ ತಪ್ಪಿಸಿಕೊಂಡವರ ನಾಟಕ ಮಾಡೋಣ ಅಂತ ಅವತ್ತೇ ಹೇಳಿದೆ. ನಾನು ಸಮಾಜ ವಿಜ್ಞಾನ ಕಲಿಸುವವಳು. ನಾಟಕ ಬರೆದು, ಆಡಿಸಿ, ಮುಗಿಸುವವರೆಗೆ ಏನೇನು ನಡೆಯಿತು ಅಂತ ಹೇಳುತ್ತೇನೆ.

ಮೊದಲು ಕಥೆ. 1971ರ ಡಿಸೆಂಬರ್ 10ರಂದು ಪಾರುಲ್ಕರ್ ಹಾರಿಸುತ್ತಿದ್ದ ಸುಖೋಯ್-7 ವಿಮಾನಕ್ಕೆ ಪಾಕಿಸ್ತಾನದ ನೆಲದ ಮೇಲೆ ಗುಂಡು ಬಿತ್ತು. ಪ್ಯಾರಾಚೂಟ್‌ನಲ್ಲಿ ಇಳಿದರು, ಸಿಕ್ಕಿಬಿದ್ದರು. ಆಗ ಅವರು ಫ್ಲೈಟ್ ಲೆಫ್ಟಿನೆಂಟ್. 1965ರ ಯುದ್ಧದಲ್ಲಿ ಗುಂಡು ತಗುಲಿದ ಮೇಲೂ ವಿಮಾನವನ್ನು ವಾಪಸ್ ತಂದು ಇಳಿಸಿದ್ದ ಮನುಷ್ಯ ಇವರು. ಒಂದು ವೇಳೆ ಸೆರೆ ಸಿಕ್ಕರೆ ತಪ್ಪಿಸಿಕೊಂಡು ಬರುತ್ತೇನೆ ಅಂತ 1971ರ ಯುದ್ಧಕ್ಕೆ ಮೊದಲೇ ತಮ್ಮ ಮೇಲಧಿಕಾರಿಗೆ ಹೇಳಿದ್ದರಂತೆ. ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು. ಭಾರತದ ಕೈಯಲ್ಲಿ ಸುಮಾರು 93,000 ಪಾಕಿಸ್ತಾನಿ ಸೆರೆಯಾಳುಗಳಿದ್ದರು. 1972ರ ಜುಲೈ 2ರಂದು ಶಿಮ್ಲಾ ಒಪ್ಪಂದವೂ ಆಯಿತು. ಆದರೂ ರಾವಲ್ಪಿಂಡಿಯ ಶಿಬಿರದಲ್ಲಿದ್ದ ನಮ್ಮ ಪೈಲಟ್‌ಗಳಿಗೆ ಬಿಡುಗಡೆಯ ಸುಳಿವೇ ಇಲ್ಲ. ಆಗಸ್ಟ್ 12ರ ರಾತ್ರಿ ಕಳೆದು 13 ಹುಟ್ಟುವ ಹೊತ್ತಿಗೆ ಮೂವರು ಗೋಡೆ ಕೊರೆದು ಹೊರಬಿದ್ದರು. ಪಾರುಲ್ಕರ್, ಮಲ್ವಿಂದರ್ ಸಿಂಗ್ ಗ್ರೆವಾಲ್, ಹರೀಶ್ ಸಿಂಹಜಿ. ಅಫ್ಘಾನಿಸ್ತಾನದ ಗಡಿಗೆ ನಾಲ್ಕೈದು ಮೈಲಿ ಇದೆ ಅನ್ನುವಾಗ ಸಿಕ್ಕಿಬಿದ್ದರು.

ಇಷ್ಟು ಹೇಳಿ ಮುಗಿಸಿದ್ದೇ ತಡ, ಹತ್ತನೇ ತರಗತಿಯ ಹುಡುಗರೆಲ್ಲ ಕೈ ಎತ್ತಿದರು. "ಟೀಚರ್, ನಾ ಪಾರುಲ್ಕರ್ ಆಗ್ತೀನ್ರಿ." "ಟೀಚರ್, ನಾ ಗ್ರೆವಾಲ್." ಹುಡುಗಿಯರೂ ಕೈ ಎತ್ತಿದರು. ಆದರೆ ಆ ಶಿಬಿರದಲ್ಲಿ ವಾಯುಪಡೆಯ ಹತ್ತು-ಹನ್ನೆರಡು ಮಂದಿ ಇದ್ದರು. ಹೋದವರು ಮೂರೇ ಜನ. ಉಳಿದವರ ಪಾತ್ರ ಯಾರು ಮಾಡ್ತೀರಿ ಅಂತ ಕೇಳಿದರೆ ಒಂದು ಕೈಯೂ ಏಳಲಿಲ್ಲ. "ಅವ್ರಿಗೆ ಏನ್ ಕೆಲಸ ಐತ್ರಿ? ಸುಮ್ನೆ ಕುಂದ್ರೋದು ಅಲ್ಲೇನ್ರಿ?" ಅಂದ ಒಬ್ಬ.

ನಾನು ನಾಟಕ ಬರೆಯುವುದಕ್ಕೆ ಕೂತಾಗ ನನ್ನ ತಲೆಯಲ್ಲಿ ಉಳಿದಿದ್ದು ಆ ಪ್ರಶ್ನೆಯೇ. ಗೋಡೆಯಿಂದ ಹೊರಗೆ ತೂರಿದ್ದು ಮೂವರಾದರೂ ಗೋಡೆಗೆ ಕೈ ಹಚ್ಚಿದವರು, ಪಹರೆ ಕಾದವರು, ಸಾಮಾನು ಹೊಂದಿಸಿದವರು ಎಲ್ಲರೂ. ವಿಂಗ್ ಕಮಾಂಡರ್ ಕೊಯೆಲ್ಹೊ ಎಲ್ಲರಿಗಿಂತ ಹಿರಿಯರು. ಅವರನ್ನು ಬಿಟ್ಟು ಇಂಥ ಕೆಲಸಕ್ಕೆ ಕೈ ಹಾಕುವ ಹಾಗಿರಲಿಲ್ಲ. ಸ್ಕ್ವಾಡ್ರನ್ ಲೀಡರ್ ಜಾಫಾ ಅವರಿಗೆ ವಿಮಾನದಿಂದ ಹೊರಗೆ ಹಾರಿದಾಗ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಅಂಥವರು ಗೋಡೆ ಹಾರಿ ಓಡುವುದು ಎಲ್ಲಿಯ ಮಾತು? ನಾವು ಹೋಗುವುದಿಲ್ಲ ಅಂತ ಗೊತ್ತಿದ್ದೂ, ಮಾರನೇ ದಿನ ಸಿಟ್ಟೆಲ್ಲ ನಮ್ಮ ಮೇಲೇ ಬೀಳುತ್ತದೆ ಅಂತ ಗೊತ್ತಿದ್ದೂ ಕೈ ಜೋಡಿಸಿದರಲ್ಲ, ನನಗೆ ಈ ಕಥೆಯಲ್ಲಿ ಅದೇ ದೊಡ್ಡದು. ಅದನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಅವರೇ ಮಾಡಿ ನೋಡಲಿ ಅನ್ನಿಸಿತು. ಹಾಗಾಗಿ ಮಾತು ಕಲಿಸುವ ಮೊದಲು ಕೆಲಸ ಕಲಿಸಿದೆ.

ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಸೂರು ಇಳಿಸಿದ್ದರು, ಒಳಗೋಡೆಗಳು ಇನ್ನೂ ನಿಂತಿದ್ದವು. ಮನೆಯವರನ್ನೂ ಗೌಂಡಿಯನ್ನೂ ಕೇಳಿದೆ. ಬಿಡುವಿನ ದಿನ ಒಂದು ಮೋಟು ಗೋಡೆ ನಮಗೆ ಬಿಟ್ಟುಕೊಟ್ಟರು. ಎದೆಮಟ್ಟದ ಗೋಡೆ, ಮೇಲೆ ಏನೂ ಭಾರವಿಲ್ಲ, ಗೌಂಡಿ ಪಕ್ಕದಲ್ಲೇ ನಿಂತಿದ್ದರು. ಮಕ್ಕಳ ಕೈಗೆ ಸುತ್ತಿಗೆ ಕೊಡಲಿಲ್ಲ. ರಾವಲ್ಪಿಂಡಿಯಲ್ಲಿ ಅವರ ಹತ್ತಿರ ಸುತ್ತಿಗೆ ಎಲ್ಲಿತ್ತು? ಒಂದು ಸ್ಕ್ರೂಡ್ರೈವರ್, ಒಂದು ಹಳೇ ಕತ್ತರಿ. ಅಷ್ಟೇ.

ಮೊದಲ ಹುಡುಗ ಇಟ್ಟಂಗಿಗೇ ಚುಚ್ಚಲು ಹೋದ. ತುದಿ ಜಾರಿತು. ಗೌಂಡಿ ನಕ್ಕು, "ಇಟ್ಟಂಗಿಗೆ ಯಾಕ ಹೋಗ್ತಿ ತಮ್ಮಾ? ಸಂದಿ ಹಿಡಿ" ಅಂದರು. ಎರಡು ಇಟ್ಟಂಗಿಗಳ ನಡುವಿನ ಗಚ್ಚಿಗೆ ತುದಿ ಇಟ್ಟು ಕೆರೆಯುತ್ತಾ ಹೋದರೆ ಬಿಳಿ ಪುಡಿ ಉದುರುತ್ತದೆ. ಒಂದು ಬೆರಳಿನ ಉಗುರಿನಷ್ಟು ಆಳ ಹೋಗಲು ಮಕ್ಕಳು ಪಾಳಿ ಹಚ್ಚಬೇಕಾಯಿತು. ಅಂಗೈಯಲ್ಲಿ ಗುಳ್ಳೆ ಬಂತು. ಕಣ್ಣಿಗೆ ಪುಡಿ ಬಿತ್ತು. ಒಂದೇ ಒಂದು ಇಟ್ಟಂಗಿಯ ನಾಲ್ಕೂ ಬದಿ ಬಿಡಿಸಿ ಅದು ಅಲುಗಾಡಿದಾಗ ಹುಡುಗರು ಕೂಗಿದ ಕೂಗು ಓಣಿಗೆಲ್ಲ ಕೇಳಿಸಿತು. "ಅಕ್ಕೋರೆ, ಮೊದಲನೇದು ಬರೋತನಕ ಅಷ್ಟೇ ತ್ರಾಸ. ಅದು ಬಂತಂದ್ರ ಬಾಜೂದು ತಾನೇ ಸಡ್ಲ ಆಗ್ತದ" ಅಂದರು ಗೌಂಡಿ. ನಮ್ಮದು ಸುಣ್ಣದ ಗಚ್ಚು, ಮಳೆ ತಿಂದು ಮೆತ್ತಗಾಗಿತ್ತು. ಅಲ್ಲಿಯದು ಒಂದು ಅಡಿಗಿಂತ ದಪ್ಪದ ಗೋಡೆ, ಅದರ ಮೇಲೆ ಪ್ಲಾಸ್ಟರ್.

ಆಮೇಲೆ ಕೂಗಿದವರನ್ನೇ ಕೇಳಿದೆ: ಈ ಕೂಗು ಪಹರೆಯವನಿಗೆ ಕೇಳಿಸಿದರೆ? ಎಲ್ಲರೂ ಬಾಯಿ ಮುಚ್ಚಿದರು. ಒಬ್ಬಳನ್ನು ಗೋಡೆಯ ಆಚೆ ನಿಲ್ಲಿಸಿ, ಕಿವಿ ಹಚ್ಚಿ ಕೇಳು ಅಂದೆ. ಕೆರೆಯುವ ಸದ್ದು ಗೋಡೆಯ ಒಳಗಿಂದ ಇಲಿ ಕಡಿದ ಹಾಗೆ ಬರುತ್ತದೆ ಅಂದಳು. ಹಗಲು ಹೊತ್ತು, ರಸ್ತೆಯಲ್ಲಿ ಆಟೋ, ಮೇಲೆ ವಿಮಾನ ಇದ್ದರೂ ಕೇಳುತ್ತದೆ ಅಂದ್ರೆ ರಾತ್ರಿ ಎಷ್ಟು ಕೇಳಬಹುದು? ಹಾಗಾದರೆ ಕೆರೆಯುವವನೊಬ್ಬ ಸಾಲದು. ಪಹರೆಯವ ಎಲ್ಲಿದ್ದಾನೆ ನೋಡುವವರು ಬೇಕು. ಬಂದ ಅಂತ ಸನ್ನೆ ಮಾಡುವವರು ಬೇಕು. ಸದ್ದು ಮುಚ್ಚುವಂತೆ ಮಾತಾಡುವವರು, ನಗುವವರು ಬೇಕು. ಇದನ್ನು ನಾನು ಹೇಳಿಕೊಡಲಿಲ್ಲ. ಗೋಡೆಯ ಹತ್ತಿರ ನಿಂತ ಮಕ್ಕಳೇ ಒಂದೊಂದಾಗಿ ಹೇಳಿದರು. ಅವರು ಹೇಳುತ್ತಾ ಹೋದದ್ದನ್ನೇ ಆಮೇಲೆ ದೃಶ್ಯವಾಗಿ ಬರೆದೆ.

ಪುಡಿಯ ಪ್ರಶ್ನೆ ಇನ್ನೊಂದು. ಗೋಡೆಯಿಂದ ಬಂದ ಗಚ್ಚು, ಇಟ್ಟಂಗಿ ಚೂರು ಎಲ್ಲ ಸೇರಿ ಒಂದು ಬುಟ್ಟಿ ತುಂಬಿ ಚೆಲ್ಲಿತು. ಗೋಡೆಯಲ್ಲಿದ್ದಾಗ ಹಿಡಿದ ಜಾಗಕ್ಕಿಂತ ಸಡಿಲಾದ ಮೇಲೆ ಅದು ಜಾಸ್ತಿ ಜಾಗ ಹಿಡಿಯುತ್ತದೆ. ಖೋಲಿಯಲ್ಲಿ ಒಂದು ಮಂಚ, ಒಂದಿಷ್ಟು ಬಟ್ಟೆ ಬಿಟ್ಟರೆ ಏನೂ ಇಲ್ಲದವರು ಅದನ್ನು ಎಲ್ಲಿ ಮುಚ್ಚಿಡಬೇಕು? ರೆಡ್‌ಕ್ರಾಸ್‌ನಿಂದ ಬರುತ್ತಿದ್ದ ಪಾರ್ಸೆಲ್‌ಗಳ ಖಾಲಿ ಡಬ್ಬಗಳು ಅಂಥ ಹೊತ್ತಿಗೆ ಕೆಲಸಕ್ಕೆ ಬರುತ್ತವೆ. ಕೊನೆಗೆ, ಹೊರಗಡೆಯ ಪ್ಲಾಸ್ಟರ್ ಪದರ ಮಾತ್ರ ಕಡೇ ಗಳಿಗೆಯವರೆಗೂ ಹಾಗೇ ಉಳಿಯಬೇಕು. ಅದು ಉದುರಿದರೆ ಆಟ ಮುಗಿದ ಹಾಗೆ.

ದಿಕ್ಸೂಚಿ ಮಾಡುವುದು ವಿಜ್ಞಾನದ ಸರ್ ಪಾಲಿಗೆ ಬಂತು. ರಾವಲ್ಪಿಂಡಿಯಲ್ಲಿ ಹೊಲಿಗೆ ಸೂಜಿಯನ್ನು ಕಾಂತ ಮಾಡಿ ದಿಕ್ಸೂಚಿ ಕಟ್ಟಿದ್ದರು. ನಾವು ಸೂಜಿಗೆ ತಾಮ್ರದ ತಂತಿ ಸುತ್ತಿ ಟಾರ್ಚ್ ಸೆಲ್‌ನಿಂದ ಕರೆಂಟ್ ಹರಿಸಿದೆವು. ನೀರಿನ ತಟ್ಟೆಯಲ್ಲಿ ಥರ್ಮಾಕೋಲ್ ಚೂರು, ಅದರ ಮೇಲೆ ಸೂಜಿ. ಸೂಜಿ ಮೆಲ್ಲಗೆ ತಿರುಗಿ ಒಂದು ಕಡೆಗೆ ನಿಂತಿತು. ಆದರೆ ಲ್ಯಾಬಿನ ಮೇಜಿನ ಮೇಲೆ ಒಂದು ದಿಕ್ಕು, ಹೊರಗೆ ಕಟ್ಟೆಯ ಮೇಲೆ ಇನ್ನೊಂದು ದಿಕ್ಕು! ಮೇಜಿನ ಕಾಲು ಕಬ್ಬಿಣದ್ದು, ಸೂಜಿ ಅದರ ಕಡೆ ಎಳೆದುಕೊಂಡಿತ್ತು. ಅಂಗಳದ ಬೇವಿನ ಮರದ ಕೆಳಗೆ ಇಟ್ಟ ಮೇಲೆ ಸರಿಹೋಯಿತು. ಆ ಸೂಜಿ ನೋಡುತ್ತಾ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಇದನ್ನ ಮಾಡಿದವ್ರು ಹೋದ್ರೇನ್ರಿ?" ಮಾಡಿದವರು ಹೋಗಲಿಲ್ಲ, ಬೇರೆಯವರ ಕಿಸೆಗೆ ಹಾಕಿ ಕಳಿಸಿದರು ಅಂದೆ. ಮಾರನೇ ದಿನ ಬಂದು, "ನಾ ಸೂಜಿ ಮಾಡೋರ ಪಾತ್ರ ಮಾಡ್ತೀನ್ರಿ" ಅಂದಳು. ಉಳಿದವರ ಪಾತ್ರಕ್ಕೆ ತಾನಾಗಿ ಬಂದ ಮೊದಲ ಕೈ ಅದು.

ನಕ್ಷೆಯ ಪಾಠ ನನ್ನದೇ. ಸೆರೆಯಾಳುಗಳ ಕೈಗೆ ಒಂದು ಶಾಲಾ ಅಟ್ಲಾಸ್ ಸಿಕ್ಕಿತ್ತು. ಪೂರ್ವಕ್ಕೆ ಹೋದರೆ ಭಾರತ ಹತ್ತಿರ, ಆದರೆ ಆ ಗಡಿಯ ತುಂಬ ಸೈನ್ಯ. ಅದಕ್ಕೇ ಪಶ್ಚಿಮಕ್ಕೆ ಹೋಗುವುದು ಅಂತ ತೀರ್ಮಾನಿಸಿದರು. ರಾವಲ್ಪಿಂಡಿಯಿಂದ ಪೇಶಾವರ ಸುಮಾರು 170 ಕಿಲೋಮೀಟರ್, ನಮ್ಮ ಬೀದರ್‌ನಿಂದ ಹೈದರಾಬಾದ್‌ಗಿಂತ ಸ್ವಲ್ಪ ಜಾಸ್ತಿ. ಅಲ್ಲಿಂದ ಜಮ್ರೂದ್, ಖೈಬರ್ ಕಣಿವೆ, ಲಂಡಿ ಕೋಟಲ್, ಆಮೇಲೆ ಗಡಿ. ಅಟ್ಲಾಸ್‌ನಲ್ಲಿ ಲಂಡಿ ಕೋಟಲ್ ದಾಟಿದ ಮೇಲೆ ಲಂಡಿ ಖಾನಾ ಅಂತ ರೈಲು ನಿಲ್ದಾಣ ಇತ್ತು. ಅಲ್ಲಿಗೆ ಹೋಗುತ್ತೇವೆ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ ಅಂತ ಅವರ ಲೆಕ್ಕ. ಆದರೆ ಲಂಡಿ ಖಾನಾಕ್ಕೆ ರೈಲು ಹೋಗುವುದು 1932ರಲ್ಲೇ ನಿಂತುಹೋಗಿತ್ತು. ನಕ್ಷೆಯಲ್ಲಿ ಚುಕ್ಕೆ ಮಾತ್ರ ಉಳಿದಿತ್ತು.

ಅದು ಹೇಗೆ ಸಾಧ್ಯ ಅಂತ ಮಕ್ಕಳಿಗೆ ನಂಬಿಕೆ ಬರಲಿಲ್ಲ. ಕಪಾಟಿನಿಂದ ನಮ್ಮ ಶಾಲೆಯ ಹಳೇ ಅಟ್ಲಾಸ್ ತೆಗೆದೆ. ಅದರಲ್ಲಿ ಕಲಬುರಗಿ ಇಲ್ಲ, ಗುಲ್ಬರ್ಗಾ ಇದೆ. ಯಾದಗಿರಿ ಜಿಲ್ಲೆಯೇ ಇಲ್ಲ. ಬೀದರ್-ಕಲಬುರಗಿ ರೈಲು ಮಾರ್ಗದ ಗೆರೆಯೂ ಇಲ್ಲ, ಆ ಮಾರ್ಗ ಪೂರ್ತಿಯಾಗಿ ಶುರುವಾದದ್ದು 2017ರಲ್ಲಿ. ಈ ಅಟ್ಲಾಸ್ ಹಿಡಿದು ಗೊತ್ತಿಲ್ಲದ ಊರಿನವನೊಬ್ಬ ಇಲ್ಲಿ ಬಂದು ದಾರಿ ಕೇಳಿದರೆ ನಿಮಗೆ ಅನುಮಾನ ಬರಲ್ವಾ ಅಂದೆ. ಒಬ್ಬ ಹುಡುಗ ಪುಟ ತಿರುಗಿಸುತ್ತಾ ತನ್ನ ಅಜ್ಜಿಯ ಊರು ಹುಡುಕಿದ, ಸಿಗಲಿಲ್ಲ. ಆಮೇಲೆ ಅಟ್ಲಾಸ್ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಆ ಪೀರಿಯಡ್ ಪೂರ್ತಿ ಮುಗಿಯಿತು.

ನಿಯಮದ ಪಾಠಕ್ಕೆ ಬಂದಾಗ ಒಂಬತ್ತನೇ ತರಗತಿಯವಳೊಬ್ಬಳು ಎದ್ದು ನಿಂತಳು. "ಸುಳ್ಳು ಹೆಸರು ಹೇಳೋದು, ವೇಷ ಹಾಕೋದು ತಪ್ಪಲ್ವಾ ಟೀಚರ್?" ಒಳ್ಳೇ ಪ್ರಶ್ನೆ. ಮೂವರೂ ಪಠಾಣಿ ಉಡುಪು ಹಾಕಿದ್ದರು. ಪಾರುಲ್ಕರ್ ಫಿಲಿಪ್ ಪೀಟರ್ ಆದರು, ಸಿಂಹಜಿ ಹೆರಾಲ್ಡ್ ಜೇಕಬ್, ಗ್ರೆವಾಲ್ ಅಲಿ ಅಮೀರ್. ಪಾಕಿಸ್ತಾನದ ವಾಯುಪಡೆಯವರು, ಲಾಹೋರ್‌ನಿಂದ ರಜೆಗೆ ಬಂದಿದ್ದೇವೆ ಅನ್ನುವುದು ಅವರ ಕಥೆ. 1949ರ ಮೂರನೇ ಜಿನೀವಾ ಒಪ್ಪಂದ ಇದನ್ನು ಮೊದಲೇ ಯೋಚಿಸಿ ಇಟ್ಟಿದೆ. ಸೆರೆಯಾಳು ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದರೆ ಅವನಿಗೆ ಶಿಸ್ತಿನ ಶಿಕ್ಷೆ ಮಾತ್ರ ಕೊಡಬಹುದು ಅನ್ನುತ್ತದೆ ಅದರ 92ನೇ ವಿಧಿ. ಅಂಥ ಶಿಕ್ಷೆ 30 ದಿನ ಮೀರುವಂತಿಲ್ಲ ಅನ್ನುತ್ತದೆ 90ನೇ ವಿಧಿ. ಯಾರ ಜೀವಕ್ಕೂ ದೇಹಕ್ಕೂ ಹಾನಿ ಮಾಡದೆ, ತಪ್ಪಿಸಿಕೊಳ್ಳುವುದಕ್ಕಾಗಿಯೇ ಸಾದಾ ಬಟ್ಟೆ ಹಾಕಿದರೆ, ಸುಳ್ಳು ಕಾಗದ ಮಾಡಿದರೆ, ಅದಕ್ಕೂ ಅಷ್ಟೇ ಶಿಕ್ಷೆ ಅನ್ನುತ್ತದೆ 93ನೇ ವಿಧಿ. ಅಂದರೆ ಸೆರೆಯಿಂದ ಓಡಿಹೋಗಲು ನೋಡುವುದು ಸೈನಿಕನ ಸಹಜ ಕೆಲಸ ಅಂತ ಜಗತ್ತು ಒಪ್ಪಿಕೊಂಡಿದೆ.

ಅದೇ ಒಪ್ಪಂದದ 60ನೇ ವಿಧಿಯಲ್ಲಿ ಸೆರೆಯಾಳುಗಳಿಗೆ ತಿಂಗಳಿಗೆ ಕೊಡಬೇಕಾದ ಹಣವೂ ಇದೆ. ಮೇಜರ್‌ಗಿಂತ ಕೆಳಗಿನ ಅಧಿಕಾರಿಗೆ 50 ಸ್ವಿಸ್ ಫ್ರಾಂಕ್. ಇದನ್ನು ಅಲ್ಲಿಯ ರೂಪಾಯಿಯಲ್ಲಿ ಕೊಡುತ್ತಿದ್ದರು. ಪೈಲಟ್‌ಗಳು ಅದರಲ್ಲಿ ಒಂದಿಷ್ಟು ಉಳಿಸಿದರು. ಬಸ್ ಚಾರ್ಜು ಅಲ್ಲಿಂದ ಬಂತು. ಈ ಮಾತು ಕೇಳಿ ಮಕ್ಕಳಿಗೆ ಬಹಳ ಖುಷಿಯಾಯಿತು. ಕಂಡಕ್ಟರ್ ಪಾತ್ರಕ್ಕೆ ಜಗಳವೇ ಆಯಿತು. ನಮ್ಮ ಬೀದರ್ ಮಕ್ಕಳಿಗೆ ಉರ್ದು ಮಾತು ಕಲಿಸಬೇಕಾಗಿಲ್ಲವಲ್ಲ, ಅರ್ಧ ಓಣಿ ಮನೆಯಲ್ಲಿ ದಖನಿ ಆಡುತ್ತದೆ. "ಪೇಶಾವರ್! ಪೇಶಾವರ್!" ಅಂತ ಆ ಹುಡುಗ ಕೂಗಿದರೆ ನಮ್ಮ ಬಸ್ ಸ್ಟ್ಯಾಂಡೇ ಕಣ್ಣ ಮುಂದೆ ಬರುತ್ತಿತ್ತು.

ನಿಜವಾದ ಕಷ್ಟ ಬಂದದ್ದು ಉಸ್ಮಾನ್ ಅವರ ಪಾತ್ರದಲ್ಲಿ. ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಹಮೀದ್ ರಾವಲ್ಪಿಂಡಿ ಶಿಬಿರದ ಮುಖ್ಯಸ್ಥರಾಗಿದ್ದವರು. ಸೆರೆಯಾಳುಗಳನ್ನು ಮರ್ಯಾದೆಯಿಂದ ನೋಡಿಕೊಂಡರು. 1971ರ ಕ್ರಿಸ್‌ಮಸ್‌ಗೆ ಕೇಕ್ ತಂದುಕೊಟ್ಟರು. ಆಮೇಲೆ ಅವರಿಗೆ ವರ್ಗವಾಗಿ ಪಾಕಿಸ್ತಾನ ವಾಯುಪಡೆಯ ಮುಖ್ಯಸ್ಥರ ಎಡಿಸಿ, ಅಂದರೆ ಆಪ್ತ ಅಧಿಕಾರಿ, ಆದರು. ಲಂಡಿ ಕೋಟಲ್‌ನಲ್ಲಿ ಮೂವರೂ ಸಿಕ್ಕಿಬಿದ್ದಾಗ ಪಾರುಲ್ಕರ್ ಅವರಿಗೆ ನೆನಪಾದ ಹೆಸರು ಇದೇ. ನಾವು ವಾಯುಪಡೆಯವರು, ಬೇಕಾದರೆ ಎಡಿಸಿಗೆ ಫೋನ್ ಮಾಡಿ ಅಂದರು. ಫೋನಿನ ಆ ಕಡೆ ಉಸ್ಮಾನ್‌ಗೆ ದನಿ ಕೇಳಿದ ತಕ್ಷಣ ಎಲ್ಲ ಅರ್ಥವಾಯಿತು. ಇವರು ನಮ್ಮವರು, ಇವರಿಗೆ ಏನೂ ಮಾಡಬೇಡಿ ಅಂತ ಅಲ್ಲಿದ್ದವರಿಗೆ ಹೇಳಿದರು. ಖೈಬರ್‌ನಂಥ ಕಡೆ ಆ ಒಂದು ಮಾತು ಇಲ್ಲದಿದ್ದರೆ ಮೂವರ ಗತಿ ಏನಾಗುತ್ತಿತ್ತೋ.

ತಾಲೀಮು ನೋಡಲು ಬಂದ ಪಾಲಕರೊಬ್ಬರಿಗೆ ಇದು ಸರಿಬರಲಿಲ್ಲ. "ಟೀಚರ್, ಅವ್ರನ್ನ ಇಷ್ಟು ಒಳ್ಳೇವ್ರಂತ ಯಾಕ ತೋರಿಸ್ತೀರಿ? ಮಕ್ಕಳ ತಲ್ಯಾಗ ಏನು ಉಳೀತದ?" ಅಂತ ಕೇಳಿದರು. ಸಿಟ್ಟಿನಿಂದಲ್ಲ, ಚಿಂತೆಯಿಂದಲೇ ಕೇಳಿದರು. ಇನ್ನೊಬ್ಬರು, ಮೂವರೂ ಗಡಿ ದಾಟಿದ ಹಾಗೆ ತೋರಿಸಿಬಿಡಿ, ಜನ ಚಪ್ಪಾಳೆ ತಟ್ಟುತ್ತಾರೆ ಅಂದರು. ನಾನು ಎರಡಕ್ಕೂ ಒಪ್ಪಲಿಲ್ಲ. ಫೋನ್ ಮಾಡಿ ಅಂದದ್ದು ಪಾರುಲ್ಕರ್. ಆ ಹೊತ್ತಿನಲ್ಲಿ ಶತ್ರು ಸೇನೆಯ ಒಬ್ಬ ಅಧಿಕಾರಿಯ ಮೇಲೆ ಅವರಿಗೆ ನಂಬಿಕೆ ಇತ್ತು. ಆ ನಂಬಿಕೆ ಸುಳ್ಳಾಗಲಿಲ್ಲ. ಅದನ್ನು ಅಳಿಸಲು ನಾನ್ಯಾರು? ಗಡಿ ದಾಟಿಸಿದರೆ ಮಾರನೇ ದಿನ ಉಳಿದವರಿಗೆ ಏನಾಯಿತು ಅನ್ನುವುದೂ ಅಳಿಸಿಹೋಗುತ್ತದೆ. ಇಷ್ಟನ್ನು ಅವರಿಗೆ ಸಮಾಧಾನವಾಗಿ ಹೇಳಿದೆ. ಜೊತೆಗೆ 1965ರ ಮಾತನ್ನೂ ಹೇಳಿದೆ. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪ ಅವರ ಮಗ ನಂದಾ ಕಾರ್ಯಪ್ಪ ಯುದ್ಧ ನಿಲ್ಲುವ ಹೊತ್ತಿಗೆ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ್ದರು. ಹಳೇ ಪರಿಚಯದ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡುಗಡೆ ಮಾಡಲು ಮುಂದೆ ಬಂದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಒಬ್ಬನನ್ನೇ ಬಿಡಬೇಡಿ ಅಂದರು ಕಾರ್ಯಪ್ಪ. ಮಗ ಎಲ್ಲರ ಜೊತೆ 1966ರಲ್ಲಿ ಬಂದರು. ಆ ಪಾಲಕರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಫೋನಿನ ದೃಶ್ಯಕ್ಕೆ ತಮ್ಮ ಮನೆಯ ಹಳೇ ಕಪ್ಪು ಡಯಲ್ ಫೋನ್ ಕಳಿಸಿಕೊಟ್ಟರು.

ಒಬ್ಬ ಹುಡುಗಿಯ ಅಜ್ಜ ಮಾತ್ರ ಬೇರೆಯದೇ ಮಾತು ತೆಗೆದರು. ಅವರ ತಂದೆ ರಜಾಕಾರರ ಕಾಲದಲ್ಲಿ ಗುಲ್ಬರ್ಗಾ ಜೈಲಿನಲ್ಲಿದ್ದರಂತೆ. 1948ರ ಸೆಪ್ಟೆಂಬರ್ 13ಕ್ಕೆ ಪೊಲೀಸ್ ಆ್ಯಕ್ಷನ್ ಶುರುವಾಗಿ 17ಕ್ಕೆ ನಿಜಾಮರು ಶರಣಾದ ಮೇಲೆ ಮನೆಗೆ ಬಂದರು. "ನಮ್ಮಪ್ಪನ ಹೆಸರು ಎಲ್ಲಾರೂ ಹೇಳ್ತಾರವ್ವ. ಆದ್ರ ಅಂವ ಒಳಗ ಇದ್ದಾಗ ನಮ್ಮವ್ವ ಹೊಲ ಮಾಡಿದ್ಲು, ನಮ್ಮನ್ನ ಕಟ್ಟಿಕೊಂಡು ರಾತ್ರಿ ಬಾಗಿಲ ಹಾಕಿಕೊಂಡು ಕೂತಿರ್ತಿದ್ಲು. ಆಕಿ ಹೆಸರು ಯಾರು ಹೇಳ್ಯಾರ?" ಅಂದರು. ಮೊಮ್ಮಗಳು ಅಲ್ಲೇ ನಿಂತಿದ್ದಳು. ಅವಳೇ ಸೂಜಿ ಮಾಡುವ ಪಾತ್ರದವಳು.

ಸೆಲ್ಯೂಟ್ ವಿಷಯ ಹೇಳಲೇಬೇಕು. ವಾಯುಪಡೆಯಿಂದ ನಿವೃತ್ತರಾಗಿ ಬೀದರ್‌ನಲ್ಲೇ ನೆಲೆಸಿದ ಹಿರಿಯರೊಬ್ಬರು ತಾಲೀಮಿಗೆ ಬರುತ್ತಿದ್ದರು. ಮಕ್ಕಳು ಈಗ ಪರೇಡ್‌ನಲ್ಲಿ ನೋಡುವ ಹಾಗೆ ಅಂಗೈ ವಾರೆ ಮಾಡಿ ಸೆಲ್ಯೂಟ್ ಹೊಡೆಯುತ್ತಿದ್ದರು. ಅವರು ತಡೆದರು. "ಈ ಸೆಲ್ಯೂಟ್ 2006ರಲ್ಲಿ ಬಂದದ್ದು. ನಿಮ್ಮ ನಾಟಕ 1972ರದು. ಆಗ ನಮ್ಮದೂ ಆರ್ಮಿಯವರ ಹಾಗೇ ಇತ್ತು, ಅಂಗೈ ಪೂರ್ತಿ ಎದುರಿಗೆ ಕಾಣಬೇಕು" ಅಂತ ಒಬ್ಬೊಬ್ಬರ ಮೊಣಕೈ ಹಿಡಿದು ಸರಿ ಮಾಡಿದರು. ನೋಡಲು ಬಂದವರಲ್ಲಿ ಎಷ್ಟು ಜನ ಗಮನಿಸಿದರೋ. ನನಗಂತೂ ಆ ನಾಟಕದಲ್ಲಿ ಬಹಳ ಇಷ್ಟವಾದದ್ದು ಆ ಅಂಗೈಗಳೇ.

ನಾಟಕದ ದಿನ ಅಂಗಳ ತುಂಬಿತ್ತು. ಆಗಸ್ಟ್ 14 ಪಾಕಿಸ್ತಾನದ ಸ್ವಾತಂತ್ರ್ಯ ದಿನ. ಶನಿವಾರ ರಾತ್ರಿ ಹೊರಟರೆ ಮುಂದೆ ರಜೆಯ ದಿನಗಳು, ಶಿಬಿರದಲ್ಲಿ ಜನ ಕಡಿಮೆ. ಆ ರಾತ್ರಿ ಧೂಳುಗಾಳಿ ಎದ್ದು ಮಳೆ ಬಂದಿತ್ತು. ನಾವು ತಗಡಿನ ಶೀಟು ಅಲ್ಲಾಡಿಸಿ ಗುಡುಗು ಮಾಡಿದೆವು. ಥರ್ಮಾಕೋಲ್ ಗೋಡೆಯ ತೂತಿನಿಂದ ಒಬ್ಬೊಬ್ಬನೇ ಹೊರಬಂದಾಗ ಉಸಿರು ಬಿಟ್ಟ ಸದ್ದು ಮುಂದಿನ ಸಾಲಿನಿಂದ ಕೇಳಿಸಿತು. ಮಾಲ್ ರೋಡಿಗೆ ಇಳಿದಾಗ ಸಿನಿಮಾ ಬಿಟ್ಟಿತ್ತು, ಆ ಜನರ ನಡುವೆ ಸೇರಿಕೊಂಡರು. ಬಸ್ಸು, ಬೆಳಗಿನ ಪೇಶಾವರ, ಟಾಂಗಾ, ಜಮ್ರೂದ್, ಲಂಡಿ ಕೋಟಲ್. ಇದೆಲ್ಲ ಬೇಗ ಬೇಗ ಹೋಯಿತು. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಅವರು ಗಡಿಯ ಬಾಗಿಲಲ್ಲಿದ್ದರು. ಗಡಿಗೆ ಉಳಿದದ್ದು ನಮ್ಮ ಬೀದರ್‌ನಿಂದ ಪಕ್ಕದ ಅಷ್ಟೂರಿಗೆ ಹೋಗಿ ಬಂದಷ್ಟು ದೂರ, ಸ್ವಲ್ಪ ಜಾಸ್ತಿ ಇರಬಹುದು.

ಲಂಡಿ ಖಾನಾಕ್ಕೆ ಟ್ಯಾಕ್ಸಿ ಕೇಳಿದರು. ಆ ದಿನಗಳಲ್ಲಿ ಪಾಕಿಸ್ತಾನದಲ್ಲಿ ಸಿಕ್ಕಿಕೊಂಡಿದ್ದ ಬಂಗಾಳಿಗಳು ಅದೇ ದಾರಿಯಲ್ಲಿ ಅಫ್ಘಾನಿಸ್ತಾನಕ್ಕೆ ದಾಟುತ್ತಿದ್ದರು. ಅಲ್ಲಿಯ ಜನ ಹೊಸಬರನ್ನು ಕಣ್ಣಿಟ್ಟು ನೋಡುತ್ತಿದ್ದರು. ತಹಸೀಲ್ದಾರರ ಕಚೇರಿಯ ಗುಮಾಸ್ತ ಬಂದು ನೀವು ಯಾರು ಅಂತ ಹಿಡಿದ. ಉರ್ದು, ಪಂಜಾಬಿ ಗೊತ್ತಿತ್ತು, ಆದರೆ ಸುತ್ತ ನಿಂತವರು ಮಾತಾಡುತ್ತಿದ್ದದ್ದು ಪಶ್ತೋ. ತಮ್ಮ ಬಗ್ಗೆ ಜನ ಏನು ಹೇಳುತ್ತಿದ್ದಾರೆ ಅಂತಲೇ ತಿಳಿಯದೆ ನಿಲ್ಲುವುದು ಎಂಥ ಸ್ಥಿತಿ! ನಾಲ್ಕು ಭಾಷೆ ಕಿವಿಗೆ ಬೀಳುವ ನಮ್ಮ ಊರಿನವರಿಗೆ ಅದು ಚೆನ್ನಾಗಿ ಮುಟ್ಟಿತು. ಅಂಗಳದಲ್ಲಿ ಪಿಸುಮಾತೂ ಇರಲಿಲ್ಲ.

ಇಲ್ಲಿಂದ ಮುಂದೆ ನಾವು ರಂಗವನ್ನು ಎರಡು ಭಾಗ ಮಾಡಿದ್ದೆವು. ಒಂದು ಕಡೆ ಲಂಡಿ ಕೋಟಲ್. ಇನ್ನೊಂದು ಕಡೆ ರಾವಲ್ಪಿಂಡಿಯ ಖೋಲಿ, ಅಲ್ಲಿ ಉಳಿದವರು. ಅವರಿಗೆ ಮಾತು ಕಡಿಮೆ. ಒಬ್ಬಳು ಉಳಿದ ಸೂಜಿಗಳನ್ನು ಬಟ್ಟೆಗೆ ಸಿಕ್ಕಿಸುತ್ತಾಳೆ. ಕೊಯೆಲ್ಹೊ ಪಾತ್ರದ ಹುಡುಗ ಅತ್ತಿಂದಿತ್ತ ನಡೆಯುತ್ತಾನೆ. ಬೆನ್ನಿಗೆ ಪಟ್ಟಿ ಕಟ್ಟಿದ ಜಾಫಾ ಪಾತ್ರದವ ನೆಟ್ಟಗೆ ಕೂತು, "ಇಷ್ಟೊತ್ತಿಗೆ ಪೇಶಾವರ ದಾಟಿರಬೇಕು" ಅನ್ನುತ್ತಾನೆ. ಆ ಹೊತ್ತಿಗೆ ರಂಗದ ಇನ್ನೊಂದು ಬದಿಯಲ್ಲಿ ಮೂವರನ್ನೂ ಹಿಡಿದಿರುತ್ತಾರೆ. ನೋಡುವವರಿಗೆ ಗೊತ್ತು, ಖೋಲಿಯಲ್ಲಿರುವವರಿಗೆ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಕೂತ ಒಬ್ಬ ತಾಯಿ, "ಅಯ್ಯೋ, ಸಿಕ್ಕಾರಪ್ಪೋ" ಅಂತ ಖೋಲಿಯವರಿಗೆ ಕೇಳುವಂತೆ ಕೂಗಿಯೇಬಿಟ್ಟರು.

ಸಿಕ್ಕಿಬಿದ್ದವರಿಗೆ 30 ದಿನ ಒಂಟಿ ಸೆರೆ. ಆಮೇಲೆ ಎಲ್ಲರನ್ನೂ ಲಯಲ್‌ಪುರದ ಜೈಲಿಗೆ ಕಳಿಸಿದರು, ಈಗ ಅದು ಫೈಸಲಾಬಾದ್. 1972ರ ಡಿಸೆಂಬರ್ 1ರಂದು ವಾಘಾ ಗಡಿಯಲ್ಲಿ ಅವರು ಭಾರತಕ್ಕೆ ಬಂದರು. ಹೋದವರು, ಉಳಿದವರು ಎಲ್ಲ ಒಟ್ಟಿಗೆ. ಕೊನೆಯ ದೃಶ್ಯದಲ್ಲಿ ಎಲ್ಲ ಮಕ್ಕಳೂ ಸಾಲಾಗಿ ನಡೆದು ಬಂದು ಹಳೇ ಸೆಲ್ಯೂಟ್ ಹೊಡೆದರು. ಪಾತ್ರಗಳ ಹೆಸರು ಓದುವಾಗ ಹೋದ ಮೂವರನ್ನು ಮೊದಲು ಓದಬೇಕೋ, ಉಳಿದವರನ್ನೋ ಅಂತ ಮಕ್ಕಳಲ್ಲೇ ಚರ್ಚೆಯಾಗಿತ್ತು. ಹುದ್ದೆಯ ಪ್ರಕಾರ ಓದೋಣ ಅಂತ ಅವರೇ ತೀರ್ಮಾನ ಮಾಡಿದರು. ಹಾಗಾಗಿ ಕೊಯೆಲ್ಹೊ ಹೆಸರು ಮೊದಲು ಬಂತು.

ಹುಮನಾಬಾದ್ ಕಡೆಯ ಒಂದು ಶಾಲೆಯವರು ತಮ್ಮಲ್ಲೂ ಆಡಿ ಅಂತ ಕೇಳಿದ್ದಾರೆ. ಹೋಗುತ್ತೇವೆ. ಥರ್ಮಾಕೋಲ್ ಗೋಡೆ ಮೊದಲ ಆಟಕ್ಕೇ ಹರಿದುಹೋಯಿತು, ಈ ಸಲ ರಟ್ಟಿನ ಡಬ್ಬಗಳನ್ನು ಇಟ್ಟಂಗಿಯ ಹಾಗೆ ಜೋಡಿಸುವ ಯೋಚನೆ ಇದೆ. ಹತ್ತನೇ ತರಗತಿಯವರು ಶಾಲೆ ಬಿಟ್ಟು ಹೋಗುತ್ತಾರೆ, ಹಾಗಾಗಿ ಹೊಸ ಪಾತ್ರಧಾರಿಗಳು ಬೇಕು. ಈಗಾಗಲೇ ಎಂಟನೆಯವರು ಬಂದು ಹೆಸರು ಬರೆಸಿದ್ದಾರೆ. ಸೂಜಿ ಮಾಡುವ ಪಾತ್ರಕ್ಕೇ ನಾಲ್ಕು ಹೆಸರು ಬಂದಿವೆ.